ಬೀನ್ಸ್ ಎಲೆಯ ಮೇಲೆ ಕಂದು ಚುಕ್ಕೆ: ನುಸಿಯೋ, ರೋಗವೋ, ಓಝೋನೋ?

ಬೀನ್ಸ್ ಗಿಡದ ಕೆಳಗಿನ ಎಲೆಗಳ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳು. ಕಾಳುಮೆಣಸಿನ ಪುಡಿಯನ್ನು ತೆಳುವಾಗಿ ಉದುರಿಸಿದ ಹಾಗೆ. ನೋಡನೋಡುತ್ತಾ ಎಲೆಗೆಲ್ಲ ತಾಮ್ರದ ಬಣ್ಣ ತಿರುಗುತ್ತದೆ, ಆಮೇಲೆ ಹಳದಿಯಾಗಿ ಉದುರುತ್ತದೆ. ಕಾಯಿ ಇನ್ನೂ ಬಲಿಯುತ್ತಿರುವಾಗಲೇ ಗಿಡದ ಬುಡ ಬೋಳು.

ಔಷಧಿ ಅಂಗಡಿಗೆ ಇಂಥ ಒಂದು ಎಲೆ ತೆಗೆದುಕೊಂಡು ಹೋದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ನುಸಿ ಔಷಧಿ. ಅದಕ್ಕೆ ಬಗ್ಗದಿದ್ದರೆ ಶಿಲೀಂಧ್ರನಾಶಕ. ಅದೂ ಆಗದಿದ್ದರೆ ಲಘು ಪೋಷಕಾಂಶದ ಪೊಟ್ಟಣ. ಮೂರು ಸಲ ಹೊಡೆದದ್ದಾಯಿತು, ದುಡ್ಡೂ ಹೋಯಿತು, ಚುಕ್ಕೆ ಮಾತ್ರ ಹಾಗೇ ಇದೆ. ಇದರಲ್ಲಿ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಗಾಳಿಯಿಂದಲೇ ಎಲೆ ಸುಡಬಹುದು ಅನ್ನುವುದು ನಮ್ಮಲ್ಲಿ ಹೆಚ್ಚಿನವರ ತಲೆಗೆ ಹೊಳೆಯುವುದೇ ಇಲ್ಲ.

ಆ ಕೆಲಸ ಮಾಡುವುದು ಓಝೋನ್. ಬಹಳ ಎತ್ತರದಲ್ಲಿ ಇದ್ದಾಗ ಸೂರ್ಯನ ಕೆಟ್ಟ ಕಿರಣಗಳಿಂದ ನಮ್ಮನ್ನು ಕಾಯುವ ಅದೇ ಅನಿಲ, ನೆಲದ ಹತ್ತಿರ ಸೇರಿಕೊಂಡರೆ ಗಿಡಕ್ಕೆ ವಿಷ. ಸೋಯಾ, ಹತ್ತಿ, ಆಲೂಗಡ್ಡೆ, ಪಾಲಕ್, ಕಲ್ಲಂಗಡಿ, ದ್ರಾಕ್ಷಿ, ಹೊಗೆಸೊಪ್ಪು ಎಲ್ಲವೂ ಇದಕ್ಕೆ ಬೇಗ ಸೋಲುತ್ತವೆ. ಬೀನ್ಸ್ ಇನ್ನೂ ಬೇಗ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೀನ್ಸ್ ಬೆಳೆಯುವವರು ಬೇಕಾದಷ್ಟು ಜನ ಇದ್ದಾರೆ, ದೊಡ್ಡ ಊರಿನ ಗಾಳಿಯೂ ಅಲ್ಲಿಗೆ ದೂರವಲ್ಲ. ಅದಕ್ಕೇ ಬೀನ್ಸನ್ನೇ ಹಿಡಿದು ಹೇಳುತ್ತೇನೆ.

ಮೊದಲೇ ಒಂದು ಮಾತು. ಓಝೋನ್ ಅಂತ ತೀರ್ಮಾನಕ್ಕೆ ಬರುವುದು ಕೊನೆಗೆ. ಹುಳು, ರೋಗ, ಗೊಬ್ಬರ, ಔಷಧಿ ಯಾವುದೂ ಅಲ್ಲ ಅಂತ ಆದ ಮೇಲೆ.

ಎಲೆಯನ್ನು ನೋಡುವ ಕ್ರಮ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈಮಸೂರ ಸಾಕು. ಬದುವಿನ ಪಕ್ಕದ ಗಿಡ ಬೇಡ, ಹೊಲದ ನಡುವಿನ ಗಿಡ ಆರಿಸಿ. ಬುಡದಿಂದ ತುದಿವರೆಗೆ ಒಂದೊಂದೇ ಎಲೆ ನೋಡುತ್ತಾ ಹೋಗಿ. ಕಿತ್ತ ಎಲೆಯೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಯಾಕೆಂದರೆ ಎಲೆ ಗಿಡದಲ್ಲಿ ಎಲ್ಲಿತ್ತು ಅನ್ನುವುದೇ ಅರ್ಧ ಉತ್ತರ.

ಓಝೋನ್ ಗಾಯ ಬಲಿತ ಎಲೆಗಳಲ್ಲಿ ಜಾಸ್ತಿ. ಮಧ್ಯದ ಎಲೆಗಳಲ್ಲಿ ಸ್ವಲ್ಪ. ಈಗತಾನೇ ಬಿಚ್ಚಿಕೊಂಡ ಚಿಗುರಿನಲ್ಲಿ ಏನೂ ಇರುವುದಿಲ್ಲ. ಬಲಿತ ಎಲೆ ಹೆಚ್ಚು ದಿನ ಗಾಳಿ ಕುಡಿದಿದೆ, ಅಷ್ಟೇ. ಚುಕ್ಕೆ ಇರುವುದು ಎಲೆಯ ಮೇಲ್ಮೈಯಲ್ಲಿ. ಮಗುಚಿ ನೋಡಿದರೆ ಅಡಿಭಾಗ ಹಸಿರಾಗಿ, ಚೊಕ್ಕಟವಾಗಿ ಇರುತ್ತದೆ. ಇನ್ನು ಮಸೂರ ಹಿಡಿದು ನೋಡಿ: ಚುಕ್ಕೆಗಳೆಲ್ಲ ನರಗಳ ನಡುವೆ. ದೊಡ್ಡ ನರ ಬಿಡಿ, ದಾರದೆಳೆಯಷ್ಟು ಸಣ್ಣ ನರವೂ ಹಸಿರಾಗಿಯೇ ಉಳಿದಿರುತ್ತದೆ. ಚುಕ್ಕೆ ಉಬ್ಬಿಲ್ಲ, ಸುತ್ತ ಹಳದಿ ಬಳೆ ಇಲ್ಲ, ಬೆರಳಿಗೆ ಏನೂ ಅಂಟುವುದಿಲ್ಲ.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಗುರುತು ಇನ್ನೊಂದು. ಬೀನ್ಸ್ ಗಿಡದಲ್ಲಿ ಎಲೆಗಳು ಒಂದರ ಮೇಲೊಂದು ಕವಿದುಕೊಂಡಿರುತ್ತವೆ, ಅಲ್ವಾ? ಮೇಲಿನ ಎಲೆಯನ್ನು ಮೆಲ್ಲಗೆ ಎತ್ತಿ. ಅದರ ನೆರಳು ಬೀಳುತ್ತಿದ್ದ ಜಾಗದಲ್ಲಿ ಕೆಳಗಿನ ಎಲೆ ಹಸಿರಾಗಿ ಉಳಿದಿದ್ದು, ಆಚೆ ಬಿಸಿಲಿಗೆ ಬಿದ್ದ ಭಾಗದಲ್ಲಿ ಮಾತ್ರ ಕಂದು ಚುಕ್ಕೆ ತುಂಬಿದೆಯೇ ನೋಡಿ. ಕೆಲವೊಮ್ಮೆ ಮೇಲಿನ ಎಲೆಯ ಅಂಚಿನ ಆಕಾರವೇ ಕೆಳಗಿನ ಎಲೆಯ ಮೇಲೆ ಗೆರೆ ಎಳೆದಂತೆ ಮೂಡಿರುತ್ತದೆ. ನೆರಳು ನೋಡಿಕೊಂಡು ಬಿಡುವ ಹುಳು ಇಲ್ಲ. ಶಿಲೀಂಧ್ರಕ್ಕಂತೂ ನೆರಳು, ತೇವ ಇದ್ದಲ್ಲೇ ಅನುಕೂಲ. ನೆರಳಿನಲ್ಲಿ ಎಲೆಯ ರಂಧ್ರಗಳು ಅಷ್ಟಾಗಿ ತೆರೆಯುವುದಿಲ್ಲ, ಓಝೋನ್ ಒಳಗೆ ಹೋಗುವುದೂ ಕಡಿಮೆ. ಅದಕ್ಕೇ ಆ ಗೆರೆ.

ಓಝೋನ್ ಒಂದೇ ಸಲಕ್ಕೆ ತೀರಾ ಜಾಸ್ತಿಯಾದ ದಿನಗಳಲ್ಲಿ ಗಾಯ ಎಲೆಯ ಎರಡೂ ಕಡೆ ಹಾಯ್ದು, ಬಿಳಿಚಿದ ಒಣ ಮಚ್ಚೆಯಾಗುವುದೂ ಉಂಟು. ಆಗ ಅಡಿಭಾಗ ಚೊಕ್ಕಟ ಅನ್ನುವ ಗುರುತು ಕೈಕೊಡುತ್ತದೆ. ಉಳಿದ ಗುರುತುಗಳನ್ನೇ ನೆಚ್ಚಬೇಕು.

ಒಂದೊಂದನ್ನೇ ತಳ್ಳಿಹಾಕುವುದು

ಮೊದಲ ಅನುಮಾನ ಕೆಂಪು ನುಸಿಯ ಮೇಲೇ ಇರಲಿ. ಬಿಸಿಲು, ಒಣ ಹವೆ ಇದ್ದಾಗಲೇ ಅದೂ ಬರುತ್ತದೆ, ಅದರ ಚುಕ್ಕೆಯೂ ಸಣ್ಣದೇ. ಗೊಂದಲ ಆಗುವುದು ಇಲ್ಲೇ ಜಾಸ್ತಿ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು, ಎಲೆಯನ್ನು ಎರಡು ಸಲ ತಟ್ಟಿ. ಒಂದು ನಿಮಿಷ ಸುಮ್ನೆ ನೋಡುತ್ತಿರಿ. ಧೂಳಿನ ಕಣ ನಡೆಯಲು ಶುರು ಮಾಡಿದರೆ ನುಸಿ. ಬೆರಳಿಂದ ಒರೆಸಿದರೆ ಕೆಂಪು ಗೆರೆ ಬೀಳುತ್ತದೆ. ಆಮೇಲೆ ಎಲೆಯ ಅಡಿಭಾಗವನ್ನು ಮಸೂರದಲ್ಲಿ ನೋಡಿ. ಸಣ್ಣ ಬಲೆ, ಕಳಚಿದ ಬಿಳಿ ಪೊರೆ, ದುಂಡು ಮೊಟ್ಟೆ ಕಂಡರೆ ಇನ್ನು ಮುಂದಕ್ಕೆ ಓದುವ ಅಗತ್ಯವಿಲ್ಲ, ನುಸಿಗೇ ಚಿಕಿತ್ಸೆ ಮಾಡಿ. ನುಸಿಯ ಚುಕ್ಕೆ ಹಳದಿ ಬಿಳುಪು, ಓಝೋನಿನದು ಕಂದು ಅಥವಾ ತಾಮ್ರ. ಔಷಧಿ ಹೊಡೆದು ನುಸಿ ಸತ್ತ ಮೇಲೂ ಪೊರೆ, ಬಲೆ ಉಳಿದಿರುತ್ತವೆ ಅನ್ನುವುದನ್ನು ಮರೆಯಬೇಡಿ. ಅಡಿಭಾಗ ಕೊಳೆಯಾಗಿದ್ದರೆ ಹುಳುವಿನ ಕಥೆ, ಚೊಕ್ಕಟವಿದ್ದರೆ ಬೇರೆ ಕಥೆ.

ಥ್ರಿಪ್ಸ್ ಕೆರೆದ ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಅದರ ಮೇಲೆ ಕರಿ ಹಿಕ್ಕೆಯ ಬಿಂದುಗಳಿರುತ್ತವೆ. ಜಿಗಿಹುಳು ರಸ ಹೀರಿದರೆ ಎಲೆಯ ಅಂಚು ಹಳದಿಯಾಗಿ ಮುದುಡುತ್ತದೆ. ಇವೆರಡನ್ನು ಗುರುತಿಸುವುದು ಕಷ್ಟವಲ್ಲ.

ರೋಗಗಳಲ್ಲಿ ತುಕ್ಕು ರೋಗವನ್ನು ಬೆರಳೇ ಹೇಳುತ್ತದೆ. ಚುಕ್ಕೆ ಉಬ್ಬಿರುತ್ತದೆ, ಉಜ್ಜಿದರೆ ತುಕ್ಕಿನ ಬಣ್ಣದ ಪುಡಿ ಹತ್ತುತ್ತದೆ. ಕೋನಾಕಾರದ ಎಲೆಚುಕ್ಕೆ ರೋಗವೂ ನರಗಳ ನಡುವೆಯೇ ಇರುವುದರಿಂದ ಸ್ವಲ್ಪ ಮೋಸ ಮಾಡುತ್ತದೆ. ಆದರೆ ಅದರ ಮಚ್ಚೆ ದೊಡ್ಡದು, ಎಲೆಯ ಎರಡೂ ಕಡೆ ಕಾಣುತ್ತದೆ, ತೇವ ಇದ್ದಾಗ ಅಡಿಯಲ್ಲಿ ಬೂದುಗಪ್ಪು ಬೂಸ್ಟು ಬರುತ್ತದೆ. ಅನುಮಾನ ಇದ್ದರೆ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿ ಎರಡು ಮೂರು ದಿನ ಬಿಡಿ. ರೋಗವಿದ್ದರೆ ಚುಕ್ಕೆ ಬೆಳೆಯುತ್ತದೆ, ಬೂಸ್ಟು ಬರುತ್ತದೆ. ಓಝೋನ್ ಚುಕ್ಕೆ ಹಾಗೇ ಇರುತ್ತದೆ, ಒಂದು ಎಲೆಯಿಂದ ಇನ್ನೊಂದಕ್ಕೆ ಹರಡುವುದಿಲ್ಲ. ನಂಜು ರೋಗವಾದರೆ ಮೊದಲು ಕಾಣುವುದು ಚಿಗುರಿನಲ್ಲಿ, ಎಲೆಯ ಆಕಾರವೇ ಕೆಡುತ್ತದೆ.

ಪೋಷಕಾಂಶದ ಕೊರತೆಯಲ್ಲಿ ಮೆಗ್ನೀಸಿಯಂ ಒಂದೇ ಇದಕ್ಕೆ ಹತ್ತಿರ ಬರುವುದು. ಅದೂ ಹಳೆಯ ಎಲೆಯಲ್ಲಿ, ನರಗಳ ನಡುವೆ. ಆದರೆ ಅಲ್ಲಿ ನರಗಳ ನಡುವಿನ ಜಾಗ ಪೂರ್ತಿ ಹಳದಿಯಾಗುತ್ತದೆ. ಬಿಡಿಬಿಡಿ ಚುಕ್ಕೆ ಆಗುವುದಿಲ್ಲ. ಪೊಟ್ಯಾಶ್ ಕಡಿಮೆಯಾದರೆ ಅಂಚು ಸುಡುತ್ತದೆ. ಕಬ್ಬಿಣದ ಕೊರತೆ ಚಿಗುರಿನಲ್ಲಿ ಕಾಣುತ್ತದೆ.

ಕಳೆನಾಶಕ ಗಾಳಿಗೆ ಹಾರಿ ಬಿದ್ದಿದ್ದರೆ? ಪ್ಯಾರಾಕ್ವಾಟ್ ಹನಿ ಬಿದ್ದಲ್ಲೆಲ್ಲ ಸುಟ್ಟ ಮಚ್ಚೆ, ನರದ ಮೇಲೂ, ಚಿಗುರಿನ ಮೇಲೂ. ಅದು ಪಕ್ಕದ ಹೊಲದ ಕಡೆಯಿಂದ ಶುರುವಾಗಿ ಒಳಗೆ ಬರುತ್ತಾ ಕಡಿಮೆಯಾಗುತ್ತದೆ. ಓಝೋನ್ ಗಾಯಕ್ಕೆ ಹಾಗೆ ಬದು, ಮೂಲೆ ಅಂತ ಇಲ್ಲ. ಇಡೀ ಹೊಲದಲ್ಲಿ, ಪಕ್ಕದವರ ಹೊಲದಲ್ಲೂ ಸುಮಾರಾಗಿ ಒಂದೇ ಸಮನೆ ಇರುತ್ತದೆ. ಪಕ್ಕದವರ ಬೀನ್ಸನ್ನೂ ತಪ್ಪದೆ ನೋಡಿ ಬನ್ನಿ. ಬರೀ ಬಿಸಿಲಿಗೆ ಸುಟ್ಟ ಎಲೆಯಲ್ಲಿ ನರವೂ ಸೇರಿ ದೊಡ್ಡ ಬಿಳಿ ಪಟ್ಟೆ ಬೀಳುತ್ತದೆ, ಸಣ್ಣ ಚುಕ್ಕೆಗಳಲ್ಲ.

ಗಾಳಿಯಿಂದಲೇ ಆಗುವ ಬೇರೆ ಗಾಯಗಳೂ ಇವೆ. ಇಟ್ಟಿಗೆ ಗೂಡಿನ ಹತ್ತಿರ ಫ್ಲೋರೈಡ್ ಹೊಗೆ ಎಲೆಯ ತುದಿ ಮತ್ತು ಅಂಚನ್ನು ಸುಡುತ್ತದೆ. ಸುಟ್ಟ ಭಾಗಕ್ಕೂ ಹಸಿರಿಗೂ ನಡುವೆ ಸ್ಪಷ್ಟ ಕಂದು ಗೆರೆ ಇರುತ್ತದೆ. ಕಲ್ಲಿದ್ದಲಿನ ಗಂಧಕದ ಹೊಗೆ ನರಗಳ ನಡುವೆ ದಂತದ ಬಣ್ಣದ ಮಚ್ಚೆ ಮಾಡುತ್ತದೆ. ಇವೆರಡಕ್ಕೂ ಹತ್ತಿರದಲ್ಲೇ ಒಂದು ಚಿಮಣಿ ಇರಬೇಕು. ಗಾಳಿ ಬೀಸುವ ದಿಕ್ಕಿನಲ್ಲಿ ನಡೆದರೆ ಮೂಲ ಸಿಗುತ್ತದೆ. ಓಝೋನಿಗೆ ಅಂಥ ಮೂಲ ಹುಡುಕಲು ಹೋದರೆ ಸಿಗುವುದೇ ಇಲ್ಲ.

ಗಾಳಿಯ ಲೆಕ್ಕ

ಯಾಕೆಂದರೆ ಓಝೋನನ್ನು ಯಾವ ಚಿಮಣಿಯೂ ಉಗುಳುವುದಿಲ್ಲ. ವಾಹನ, ಜನರೇಟರ್, ಕುಲುಮೆಗಳಿಂದ ಬರುವ ನೈಟ್ರೋಜನ್ ಆಕ್ಸೈಡುಗಳು ಒಂದು ಕಡೆ. ಪೆಟ್ರೋಲ್ ಆವಿ, ಪೇಂಟಿನ ಆವಿ, ಗಿಡಮರಗಳೇ ಬಿಡುವ ಆವಿಗಳು ಇನ್ನೊಂದು ಕಡೆ. ಇವು ಬಿಸಿಲಿನಲ್ಲಿ ಬೆರೆತು ಓಝೋನ್ ತಯಾರಾಗುತ್ತದೆ. ಹಾಗಾಗಿ ಬೆಳಿಗ್ಗೆ ಕಡಿಮೆ, ಮಧ್ಯಾಹ್ನ 12ರಿಂದ 4ರ ತನಕ ಜಾಸ್ತಿ, ರಾತ್ರಿ ಮತ್ತೆ ಇಳಿತ. ನಮ್ಮ ಕಡೆ ಬೇಸಿಗೆಯಲ್ಲಿ, ಮುಂಗಾರಿಗೆ ಮೊದಲಿನ ಒಣ ಬಿಸಿಲಿನಲ್ಲಿ ಏರುತ್ತದೆ. ಮಳೆಗಾಲದ ಮೋಡ ಬಂದರೆ ಇಳಿಯುತ್ತದೆ.

"ನಮ್ಮೂರಲ್ಲಿ ಟ್ರಾಫಿಕ್ಕೇ ಇಲ್ಲ, ಓಝೋನ್ ಎಲ್ಲಿಂದ ಬರಬೇಕು?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲಿ ಲೆಕ್ಕ ತಿರುಗಾಮುರುಗಾ. ಟ್ರಾಫಿಕ್ ಜಾಸ್ತಿ ಇರುವ ರಸ್ತೆಯಲ್ಲಿ ಆಗತಾನೇ ಹೊರಬಂದ ನೈಟ್ರಿಕ್ ಆಕ್ಸೈಡ್ ಓಝೋನನ್ನು ಅಲ್ಲೇ ತಿಂದುಹಾಕುತ್ತದೆ. ಅದೇ ಗಾಳಿ ಊರು ದಾಟಿ ಹಳ್ಳಿ ಕಡೆ ತೇಲಿ ಹೋಗುವಾಗ ಬಿಸಿಲಿನಲ್ಲಿ ಓಝೋನ್ ಕಟ್ಟುತ್ತಾ ಹೋಗುತ್ತದೆ. ಹಾಗಾಗಿ ಊರ ನಡುವಿಗಿಂತ ಗಾಳಿ ಸಾಗುವ ದಿಕ್ಕಿನ ಹೊಲದಲ್ಲಿ ಜಾಸ್ತಿ ಇರುವುದು ಎಷ್ಟೋ ಸಲ ಕಾಣುತ್ತದೆ. ಹೊಗೆ ಮಾಡಿದವರು ಒಂದು ಕಡೆ, ಬೆಳೆ ಕಳೆದುಕೊಳ್ಳುವವರು ಇನ್ನೊಂದು ಕಡೆ. ಇದು ನನಗೆ ನಿಜವಾಗಿ ಬೇಜಾರಿನ ಸಂಗತಿ.

ಅಂಕಿ ಬೇಕಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ನೋಡಿ. ಮೇಲೆ ದೊಡ್ಡದಾಗಿ ಕಾಣುವ ಗಾಳಿ ಸೂಚ್ಯಂಕ ಹೆಚ್ಚಾಗಿ ಧೂಳಿನ ಲೆಕ್ಕ. ಒಳಗೆ ಹೋಗಿ ಓಝೋನನ್ನು ಬೇರೆಯಾಗಿ ನೋಡಬೇಕು. ಭಾರತದಲ್ಲಿ 2009ರ ಮಾನದಂಡದ ಪ್ರಕಾರ ಓಝೋನ್ 8 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ, 1 ಗಂಟೆಗೆ 180 ಮೈಕ್ರೋಗ್ರಾಂ ದಾಟಬಾರದು. ಇದು ಮನುಷ್ಯರ ಆರೋಗ್ಯ ನೋಡಿ ಇಟ್ಟ ಮಿತಿ. ಗಿಡದ ಲೆಕ್ಕ ಬೇರೆ.

ಯುರೋಪಿನಲ್ಲಿ ಬೆಳೆಗಳಿಗೆ ಬಳಸುತ್ತಾ ಬಂದ ಲೆಕ್ಕ ಹೀಗಿದೆ. ಹಗಲಿನ ಪ್ರತಿ ಗಂಟೆ ಓಝೋನ್ 40 ಪಿಪಿಬಿ ದಾಟಿದ್ದೆಷ್ಟು ಅಂತ ಕೂಡುತ್ತಾ ಹೋಗುವುದು. ಪಿಪಿಬಿ ಅಂದರೆ ಗಾಳಿಯ ನೂರು ಕೋಟಿ ಭಾಗದಲ್ಲಿ ಒಂದು ಭಾಗ. 40 ಪಿಪಿಬಿ ಅಂದರೆ ಘನ ಮೀಟರಿಗೆ ಸುಮಾರು 80 ಮೈಕ್ರೋಗ್ರಾಂ. ಮೂರು ತಿಂಗಳಲ್ಲಿ ಈ ಮೊತ್ತ 3000 ದಾಟಿದರೆ ಗೋಧಿಯಂಥ ಬೆಳೆಯ ಇಳುವರಿ ಶೇಕಡಾ 5ರಷ್ಟು ಕುಸಿಯುತ್ತದೆ ಅನ್ನುವ ಅಂದಾಜು. ದಿನಕ್ಕೆ 6 ಗಂಟೆ 60 ಪಿಪಿಬಿ ಇತ್ತು ಅಂತ ಇಟ್ಟುಕೊಳ್ಳಿ. ಗಂಟೆಗೆ 20 ಜಾಸ್ತಿ, ದಿನಕ್ಕೆ 120. ಬರೀ 25 ದಿನಕ್ಕೆ 3000 ಆಗುತ್ತದೆ. ಅಷ್ಟೂ ದಿನ 60 ಪಿಪಿಬಿ, ಅಂದರೆ ಸುಮಾರು 120 ಮೈಕ್ರೋಗ್ರಾಂ, ಯಾರ ಕಣ್ಣಿಗೂ ಬೀಳುವುದಿಲ್ಲ, ಮೂಗಿಗೂ ಸರಿಯಾಗಿ ತಿಳಿಯುವುದಿಲ್ಲ.

ಎಲೆಯೊಳಗೆ ಏನಾಗುತ್ತದೆ

ಗಿಡ ಉಸಿರಾಡುವ ಪತ್ರರಂಧ್ರಗಳ ಮೂಲಕವೇ ಓಝೋನ್ ಒಳಗೆ ಹೋಗುತ್ತದೆ. ಒಳಗಿನ ತೇವಕ್ಕೆ ತಾಗಿದ ಕೂಡಲೇ ಒಡೆದು, ಕಂಡದ್ದಕ್ಕೆಲ್ಲ ಅಂಟುವ ಚುರುಕಾದ ಆಮ್ಲಜನಕದ ರೂಪಗಳಾಗುತ್ತದೆ. ಇವನ್ನು ತಡೆಯಲು ಜೀವಕೋಶದ ಗೋಡೆಯಲ್ಲಿ ಮೊದಲ ಕಾವಲು ವಿಟಮಿನ್ ಸಿ. 1996ರಲ್ಲಿ ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಓಝೋನಿಗೆ ತೀರಾ ಬೇಗ ಸೋಲುವ ಒಂದು ತಳಿಯನ್ನು ವಿಜ್ಞಾನಿಗಳು ವರದಿ ಮಾಡಿದರು. ಪರೀಕ್ಷಿಸಿದಾಗ ಅದರಲ್ಲಿ ವಿಟಮಿನ್ ಸಿ ಸಾಮಾನ್ಯ ಗಿಡದ ಶೇಕಡಾ 30ರಷ್ಟೇ ಇತ್ತು.

ಕಾವಲು ಸಾಲದೆ ಹೋದಾಗ ನಡೆಯುವುದು ವಿಚಿತ್ರ. ಓಝೋನ್ ಕೋಶವನ್ನು ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ, ಗಿಡವೇ ಕೊಂದುಕೊಳ್ಳುತ್ತದೆ. ರೋಗಾಣು ನುಗ್ಗಿದಾಗ ಗಿಡ ಆ ಜಾಗದ ಕೋಶಗಳನ್ನು ಸಾಯಿಸಿ ರೋಗ ಮುಂದೆ ಹೋಗದಂತೆ ಮಾಡುತ್ತದೆ. ಓಝೋನ್ ಬಂದಾಗಲೂ ಅದೇ ಗಂಟೆ ಬಾರಿಸುತ್ತದೆ. ಸ್ಯಾಲಿಸಿಲಿಕ್ ಆಮ್ಲ, ಎಥಿಲೀನ್ ಏರುತ್ತವೆ, ಮೇಲ್ಪದರದ ಕಂಬದಂಥ ಕೋಶಗಳು ಗುಂಪುಗುಂಪಾಗಿ ಕುಸಿಯುತ್ತವೆ. ಆ ಕೋಶಗಳು ಇರುವುದು ಎಲೆಯ ಮೇಲಿನ ಅರ್ಧದಲ್ಲಿ. ಅದಕ್ಕೇ ಚುಕ್ಕೆ ಮೇಲ್ಮೈಯಲ್ಲಿ ಮಾತ್ರ. ರೋಗ ಅಂತ ನಮಗೆ ಕಾಣುವುದೂ ಅದಕ್ಕೇ. ಗಿಡ ಮಾಡುತ್ತಿರುವುದು ರೋಗಕ್ಕೆ ಕೊಡುವ ಉತ್ತರವನ್ನೇ.

ನೀರಿನ ಕೊರತೆ ಸೇರಿದಾಗ ಚಿತ್ರ ಬದಲಾಗುತ್ತದೆ. ಒಣಗುತ್ತಿರುವ ಗಿಡ ರಂಧ್ರ ಮುಚ್ಚಿಕೊಳ್ಳುತ್ತದೆ, ಓಝೋನೂ ಒಳಗೆ ಬರುವುದಿಲ್ಲ. ಹನಿ ನೀರಾವರಿಯಲ್ಲಿ ಚೆನ್ನಾಗಿ ನೀರು ಕುಡಿದ, ನೋಡಲು ಸೊಂಪಾದ ಸಾಲಿನಲ್ಲೇ ಚುಕ್ಕೆ ಜಾಸ್ತಿ, ಪೈಪ್ ಕಟ್ಟಿಕೊಂಡು ಬಾಡಿದ ಸಾಲಿನಲ್ಲಿ ಕಡಿಮೆ ಅಂತ ಕಂಡರೆ ಗಾಬರಿ ಬೇಡ. ಓಝೋನ್ ಕಡೆಗೆ ಬೊಟ್ಟು ಮಾಡುವ ಬಲವಾದ ಸುಳಿವು ಅದು. ಹುಳು, ಉಪ್ಪು, ಶಾಖದ ಹಾನಿಯಾದರೆ ಬಾಡಿದ ಗಿಡದಲ್ಲೇ ಜಾಸ್ತಿ ಇರಬೇಕಿತ್ತು.

ಖಚಿತ ಮಾಡಿಕೊಳ್ಳುವುದು

ಇದನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೂ ಸುಲಭವಾಗಲಿಲ್ಲ. 1944ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಸೊಪ್ಪು ತರಕಾರಿಗಳ ಎಲೆ ಕೆಡುತ್ತಿರುವುದು ಕಂಡಿತು. ಗಾಳಿಯ ಮಾಲಿನ್ಯ ಅನ್ನುವ ಅನುಮಾನ ಬಂದರೂ ಯಾವುದು ಅಂತ ತಿಳಿಯಲಿಲ್ಲ. ದ್ರಾಕ್ಷಿ ಎಲೆಯ ಕಪ್ಪು ಚುಕ್ಕೆಗೆ ಓಝೋನ್ ಕಾರಣ ಅಂತ 1958ರಲ್ಲಿ ಗೊತ್ತಾಯಿತು. ಹೊಗೆಸೊಪ್ಪಿನ ಬೆಳೆಗಾರರು ಹವೆಯ ಚುಕ್ಕೆ ಅಂತ ಕರೆಯುತ್ತಿದ್ದ ಕಾಯಿಲೆಗೂ ಅದೇ ಕಾರಣ ಅಂತ ಹೊರಬಿದ್ದದ್ದು 1959ರಲ್ಲಿ.

ಹೊಲದಲ್ಲಿ ನಾವು ಮಾಡಬಹುದಾದ ಒಳ್ಳೆಯ ಪರೀಕ್ಷೆ ಎರಡು ತಳಿಗಳನ್ನು ಅಕ್ಕಪಕ್ಕ ಬಿತ್ತುವುದು. ಅಮೆರಿಕದಲ್ಲಿ ಇದಕ್ಕೆಂದೇ ಬೀನ್ಸಿನ ಜೋಡಿ ತಳಿ ಮಾಡಿದ್ದಾರೆ. ಎಸ್156 ಬೇಗ ಸೋಲುತ್ತದೆ, ಆರ್123 ತಡೆದುಕೊಳ್ಳುತ್ತದೆ. ಎರಡರ ವ್ಯತ್ಯಾಸ ನೋಡಿಯೇ ಗಾಳಿಯ ಅಂದಾಜು ಮಾಡುತ್ತಾರೆ. ನಮಗೆ ಆ ಬೀಜವೇ ಬೇಕಂತಿಲ್ಲ. ನೀವು ಬೆಳೆಯುವ ಎರಡು ಮೂರು ತಳಿಗಳನ್ನು ಒಂದೇ ದಿನ, ಒಂದೇ ನೀರು, ಒಂದೇ ಗೊಬ್ಬರದಲ್ಲಿ ಬಿತ್ತಿ. ಒಂದರಲ್ಲಿ ಚುಕ್ಕೆ ತುಂಬಿ ಪಕ್ಕದ್ದರಲ್ಲಿ ಇಲ್ಲದಿದ್ದರೆ, ಹುಳುವೂ ಸಿಗದಿದ್ದರೆ, ಅನುಮಾನ ಗಟ್ಟಿಯಾಗುತ್ತದೆ. ಮಳೆ ಹಿಡಿದ ಮೇಲೆ ಬಿತ್ತಿದ ಬೆಳೆಯಲ್ಲಿ ಅದೇ ತಳಿ ಚೊಕ್ಕಟವಾಗಿದ್ದರೆ ಇನ್ನೂ ಗಟ್ಟಿ.

ಸಂಶೋಧಕರು ಇಡಿಯು ಅನ್ನುವ ರಾಸಾಯನಿಕವನ್ನು ಅರ್ಧ ಗಿಡಗಳಿಗೆ ಕೊಟ್ಟು ಅರ್ಧ ಬಿಟ್ಟು ನೋಡುತ್ತಾರೆ. ಅದು ಎಲೆಯನ್ನು ಓಝೋನಿನಿಂದ ಕಾಯುತ್ತದೆ. ಅದು ಪ್ರಯೋಗದ ಸಾಧನ, ಹೊಲಕ್ಕೆ ಹೊಡೆಯುವ ಔಷಧಿಯಲ್ಲ. ಇಲ್ಲಿ ಒಂದು ಎಚ್ಚರಿಕೆ. ಬೆನೋಮಿಲ್ ಎಂಬ ಶಿಲೀಂಧ್ರನಾಶಕವೂ ಬೀನ್ಸ್ ಎಲೆಯಲ್ಲಿ ಓಝೋನ್ ಗಾಯವನ್ನು ಕಡಿಮೆ ಮಾಡಿದ್ದು ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ "ಶಿಲೀಂಧ್ರನಾಶಕ ಹೊಡೆದೆ, ಕಡಿಮೆಯಾಯಿತು, ಆದ್ದರಿಂದ ರೋಗವೇ ಇತ್ತು" ಅನ್ನುವ ವಾದ ಪೂರ್ತಿ ನಿಲ್ಲುವುದಿಲ್ಲ.

ಏನು ಮಾಡಬೇಕು, ಏನು ಬೇಡ

ಬಿದ್ದ ಚುಕ್ಕೆಯನ್ನು ಅಳಿಸುವ ಔಷಧಿ ಇಲ್ಲ. ಇಲ್ಲದ ನುಸಿಗೆ ಔಷಧಿ ಹೊಡೆಯುವುದನ್ನು ಮೊದಲು ನಿಲ್ಲಿಸಿ. ದುಡ್ಡು ಉಳಿಯುವುದಷ್ಟೇ ಅಲ್ಲ, ನುಸಿ ತಿನ್ನುವ ಒಳ್ಳೆಯ ಹುಳುಗಳೂ ಉಳಿಯುತ್ತವೆ. ಅವು ಸತ್ತರೆ ಮುಂದಿನ ಸಲ ನಿಜವಾದ ನುಸಿ ಬರುತ್ತದೆ.

ರಂಧ್ರ ಮುಚ್ಚಲಿ ಅಂತ ನೀರು ಕಡಿಮೆ ಮಾಡುವ ಯೋಚನೆ ಬೇಡವೇ ಬೇಡ. ಹೂವು, ಕಾಯಿ ಹಂತದಲ್ಲಿ ನೀರಿಲ್ಲದೆ ಆಗುವ ನಷ್ಟ ಓಝೋನ್ ನಷ್ಟಕ್ಕಿಂತ ದೊಡ್ಡದು. ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು ಹಾಕುವುದೂ ಬೇಡ. ಅರ್ಧ ಹಸಿರು ಉಳಿದಿದ್ದರೂ ಅದು ಕಾಯಿಗೆ ಊಟ ಕೊಡುತ್ತಿರುತ್ತದೆ, ಇದು ಹರಡುವ ಕಾಯಿಲೆಯೂ ಅಲ್ಲ, ಕಿತ್ತು ತಡೆಯಬೇಕಾದದ್ದು ಏನೂ ಇಲ್ಲ. ಹೊಲದ ಕಸ, ಒಣ ಬಳ್ಳಿಗಳನ್ನು ಬೇಸಿಗೆಯಲ್ಲಿ ಸುಡಬೇಡಿ. ಆ ಹೊಗೆಯೂ ಓಝೋನಿಗೆ ಕಚ್ಚಾ ಸಾಮಾನು. ಮುಂದಿನ ಸಲ ಬಿತ್ತುವಾಗ ಕಡಿಮೆ ಚುಕ್ಕೆ ಬಿದ್ದ ತಳಿ ಆರಿಸಿ. ಕಾಯಿ ಬಲಿಯುವ ವಾರಗಳು ಮಾರ್ಚ್, ಏಪ್ರಿಲ್ ಬಿಸಿಲಿಗೆ ಸಿಗದ ಹಾಗೆ ದಿನ ಹಿಂದೆಮುಂದೆ ಮಾಡಲು ಆಗುತ್ತದೆಯೇ ನೋಡಿ. ಮಾರುಕಟ್ಟೆ ಬೆಲೆ ನೋಡಿಕೊಂಡು ಬಿತ್ತುವವರಿಗೆ ಇದು ಸುಲಭವಲ್ಲ ಅಂತ ಗೊತ್ತು.

ಚುಕ್ಕೆ ಕಾಣದಿದ್ದರೆ ನಷ್ಟವೇ ಇಲ್ಲ ಅಂತಲೂ ತಿಳಿಯಬೇಡಿ. ಗೋಧಿ, ಭತ್ತದಲ್ಲಿ ಎಲೆ ನೋಡಲು ಸರಿಯಾಗಿದ್ದೂ ಕಾಳು ಕಡಿಮೆಯಾಗಬಹುದು. 2005ರ ಬೆಳೆಯನ್ನು ಹಿಡಿದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2014ರಲ್ಲಿ ಲೆಕ್ಕ ಹಾಕಿದರು. ದೇಶದಲ್ಲಿ ಓಝೋನಿನಿಂದ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಭತ್ತದ ಬೆಳೆ ನಷ್ಟ ಅನ್ನುವುದು ಅವರ ಅಂದಾಜು.

ಎಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಬರೀ ಎಲೆ ಒಯ್ಯಬೇಡಿ. ಬುಡ, ನಡು, ತುದಿಯ ಒಂದೊಂದು ಎಲೆಯನ್ನು ಹಳೆಯ ಪೇಪರಿನ ನಡುವೆ ಒತ್ತಿ, ಯಾವುದು ಎಲ್ಲಿಯದು ಅಂತ ಬರೆದು ಒಯ್ಯಿರಿ. ನೆರಳಿನ ಗೆರೆ ಕಂಡಿದ್ದರೆ ಗಿಡದ ಮೇಲೇ ಅದರ ಫೋಟೋ ತೆಗೆದುಕೊಳ್ಳಿ, ಮೇಲಿಂದ ಒಂದು, ಎಲೆ ಮಗುಚಿ ಒಂದು. ತಳಿ, ಬಿತ್ತಿದ ದಿನ, ಚುಕ್ಕೆ ಮೊದಲು ಕಂಡ ದಿನ, ಅದಕ್ಕೆ ಹಿಂದಿನ ವಾರದ ಬಿಸಿಲು, ಹೊಡೆದ ಔಷಧಿಗಳ ಹೆಸರು ಮತ್ತು ದಿನಾಂಕ ಒಂದು ಹಾಳೆಯಲ್ಲಿ ಇರಲಿ. ಪಕ್ಕದ ಹೊಲದಲ್ಲೂ ಇದೆಯೋ ಇಲ್ಲವೋ ಅನ್ನುವುದನ್ನು ಕೊನೆಗೆ ಸೇರಿಸಿ.